ಐದು ತಿಂಗಳ ಬೆಕ್ಕಿನ ಮರಿ ಕುಂಟ್ಲಿಕತ್ತದ, ಊಟದಾಗ ಏನೂ ಕಡಿಮಿ ಮಾಡಿಲ್ಲ, ಯಾರರೆ ಲಗೂನ ಹೇಳ್ರಿ

ಮಾಳಮಡ್ಡಿ_ಪುಟ್ಟಿ, ಧಾರವಾಡ (ಸೋಮವಾರ ರಾತ್ರಿ 10:40)
ನಾಲ್ಕು ದಿನದಿಂದ ನಿದ್ದಿ ಇಲ್ಲ. ನಮ್ಮ ಪುಟ್ಟಿಗೆ ಐದು ತಿಂಗಳು. ಮೊದಲ ಹಿಂದಿನ ಎಡಗಾಲು ಒಂಚೂರು ಎಳೀತಿತ್ತು, ಈಗ ಎರಡೂ ಹಿಂಗಾಲು ನೆಟ್ಟಗ ಊರವಲ್ತು. ದಿವಾನದ ಮ್ಯಾಲೆ ಒಂದೇ ನೆಗತಕ್ಕ ಏರ್ತಿದ್ದದ್ದು, ಈಗ ಕೆಳಗ ಕೂತು ನನ್ನ ಮುಖಾ ನೋಡ್ತದ. ಬೆನ್ನ ಮ್ಯಾಲೆ ಕೈ ಆಡಿಸಿದ್ರ ಚೀರ್ತದ. ನಿನ್ನೆ ನನ್ನ ತಂಗೀಗೆ ಕಚ್ಚೇಬಿಡ್ತು, ಎಂದೂ ಕಚ್ಚಿದ್ದಲ್ಲ. ಮನೀ ಹೊರಗ ಬಿಡಂಗಿಲ್ಲ, ಎಲ್ಲೂ ಬಿದ್ದಿಲ್ಲ, ಊಟ ಛಲೋದೇ ಹಾಕ್ತೀವಿ. ಇಲ್ಲೇ ಹತ್ತರ ಒಬ್ಬ ಡಾಕ್ಟರಿಗೆ ತೋರಿಸಿದ್ವಿ. ನಡಿಸಿ ಸಹಿತ ನೋಡಲಿಲ್ಲ, ‘ಉಳುಕಿರಬೇಕು’ ಅಂತ ಒಂದು ಇಂಜೆಕ್ಷನ್ ಹಾಕಿ ಕಳಿಸಿದ್ರು. ಮನ್ಯಾಗ ಅಪ್ಪಾಂದು ಪ್ಯಾರಾಸಿಟಮಾಲ್ ಅದ. ಕಾಲು ಗುಳಿಗಿ ಅರದು ಕೊಡ್ಲೇನು?

ಮೂರು_ಬೆಕ್ಕಿನ_ಮನಿ, ಹುಬ್ಬಳ್ಳಿ (10:52)
ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ! ಕಾಲು ಗುಳಿಗಿನೂ ಬ್ಯಾಡ, ಸಣ್ಣ ಹುಡುಗರ ಸಿರಪ್ಪೂ ಬ್ಯಾಡ. ನಮ್ಮ ಲಿವರ್ ಅದನ್ನ ಅರಗಿಸಿ ಹೊರಗ ಹಾಕತೈತಿ, ಬೆಕ್ಕಿನ ಲಿವರ್‌ಗೆ ಆ ತಾಕತ್ತಿಲ್ಲ. ರಕ್ತ ಆಕ್ಸಿಜನ್ ಹೊರೂದು ಬಿಡತೈತಿ, ಒಸಡು ಕಂದಾಗ್ತಾವ, ಮುಖಾ ಬಾಯತೈತಿ, ಒಂದೇ ಗುಳಿಗಿಗೆ ಜೀವ ಹೋಗಬಹುದು. ಕೊಟ್ಟಿದ್ರ ಈಗಿಂದೀಗ ಎತಗೊಂಡು ಓಡ್ರಿ. ಕೊಟ್ಟಿಲ್ಲ ಅಂದ್ರ ಒಂದು ಸಾಲು ಬರೀರಿ, ನಾನು ಎಚ್ಚರ ಅದೀನಿ.
ಮತ್ತ, ‘ಛಲೋದೇ ಹಾಕ್ತೀವಿ’ ಅಂದ್ರ ಏನು ಹಾಕ್ತೀರಿ?

ಮಾಳಮಡ್ಡಿ_ಪುಟ್ಟಿ
ಕೊಟ್ಟಿಲ್ರಿ. ಡಬ್ಬಿ ಕಪಾಟಿನಾಗ ಇಟ್ಟು ಕೀಲಿ ಹಾಕಿದೆ. ಕೈ ನಡಗ್ಲಿಕತ್ತಾವ.

ಬೆಟಗೇರಿ_ನೇಕಾರ, ಗದಗ
ಇದು ಜಂತು. ನಮ್ಮ ಗುಂಡಗೂ ಹಿಂಗ ಆಗಿತ್ತು, ಹಿಂದಿನ ಭಾಗ ಶಕ್ತಿನೇ ಇರಲಿಲ್ಲ. ಬಾಲದ ಕೆಳಗ ಅಕ್ಕಿಕಾಳಿನಂಥಾವು ಅಂಟಗೊಂಡಿರ್ತಾವ, ಒಣಗಿದ ಮ್ಯಾಲೆ ಎಳ್ಳಿನಂಗ ಕಾಣತಾವ, ಟಾರ್ಚ್ ಹಿಡದು ನೋಡ್ರಿ. ಚಿಕ್ಕಾಡಿಂದ ಬರೂ ಲಾಡಿಹುಳ ಅವು. ಜಂತಿನ ಔಷಧ ಕೊಟ್ಟಿದ್ರೇನು? ಯಾವಾಗ ಕೊಟ್ರಿ?

ಮಾಳಮಡ್ಡಿ_ಪುಟ್ಟಿ
ಎರಡು ಸಲ ಆಗ್ಯಾವ್ರಿ. ಕಾಳು ಏನೂ ಇಲ್ಲ, ಈಗಷ್ಟೇ ನೋಡಿದೆ.

ಬೆಟಗೇರಿ_ನೇಕಾರ
ಎರಡು ಸಲ ಸಾಲಂಗಿಲ್ಲ. ತೂಕ ನೋಡಿ ಕೊಡಬೇಕು. ಎಲ್ಲಾ ಔಷಧ ಎಲ್ಲಾ ಹುಳಕ್ಕ ನಡಿಯಂಗಿಲ್ಲ. ನಾ ಇನ್ನೂ ಜಂತು ಅಂತನ ಹೇಳತೇನಿ.

ಹಾವೇರಿ_ಏಲಕ್ಕಿ
ತಂಗಿ, ಇಷ್ಟೆಲ್ಲಾ ಔಷಧ ಯಾಕ? ಹಾಲು ಅನ್ನ ಹಾಕು. ನಮ್ಮ ಅಜ್ಜಿ ಮನ್ಯಾಗ ಬೆಕ್ಕು ಹಾಲು ಅನ್ನ, ಮಜ್ಜಿಗಿ ಅನ್ನ ತಿಂದ ಹದಿನಾಕು ವರ್ಷ ಬದುಕಿತ್ತು. ಹಾಲಿನಾಗ ಕ್ಯಾಲ್ಸಿಯಂ ಐತಿ, ಎಲುಬು ಗಟ್ಟಿ ಆಗತಾವ. ನೀವೆಲ್ಲಾ ಡಬ್ಬಿ ಊಟ ಹಾಕಿ ಹಾಕಿ ಕೆಡಸೀರಿ.

ಉಣಕಲ್_ದಂಡಿ, ಹುಬ್ಬಳ್ಳಿ
ಅಕ್ಕಾರ, ಹಾಲು ಬ್ಯಾಡ. ತಾಯಿ ಹಾಲು ಬಿಟ್ಟ ಮ್ಯಾಲೆ ಬೆಕ್ಕಿಗೆ ಹಾಲಿನ ಸಕ್ಕರಿ ಅರಗೂದು ಕಷ್ಟ, ಹೊಟ್ಟಿ ಝಾಡಸತೈತಿ. ನೀರು ಮುಖ್ಯ. ನಾನು ಮೋಟಾರ್ ಇರೂ ಕಾರಂಜಿ ಇಟ್ಟೇನಿ, ಸ್ಟೀಲಿಂದು, ಎರಡು ಲೀಟರಿಂದು. ಬಾಲ್ಕನಿಗೆ ಪೂರ್ತಿ ಜಾಳಗಿ ಹೊಡಿಸಿ, ಒಳಗ ಮೂರು ಹಂತದ ಹಲಗಿ, ಸೆಣಬಿನ ಹಗ್ಗ ಸುತ್ತಿದ ಕಂಬ. ಸಂಜಿಕ ಕೆರಿ ಕಡಿಂದ ಗಾಳಿ ಬಂತಂದ್ರ ನಮ್ಮ ಎರಡೂ ಬೆಕ್ಕು ಅಲ್ಲೇ ಮೂಗು ಎತ್ತಿ ಕೂಡ್ರತಾವ. ಮನಿ ಬೆಕ್ಕಿಗೆ ಓಡಾಡಾಕ ಜಾಗಾ ಇಲ್ಲಂದ್ರ ಕಾಲು ಹಿಡಿತಾವ. ಫೋಟೋ ಹಾಕ್ಲಿ?

ಹಾವೇರಿ_ಏಲಕ್ಕಿ
ಹಾಲು ಬ್ಯಾಡ ಅನ್ನೂದು ಈಗಿನವರ ಮಾತು. ನಮ್ಮ ಬೀಗರು ಧಾರವಾಡದಾಗ ಪೇಡೆನೂ ತಿನಸತಾರ, ಬೆಕ್ಕು ಕೇಳಿ ಕೇಳಿ ತಿಂತೈತಿ.

ಉಣಕಲ್_ದಂಡಿ
ಪೇಡೆ? ಬೆಕ್ಕಿಗೆ ಸಿಹಿ ರುಚಿನೇ ಗೊತ್ತಾಗಂಗಿಲ್ರಿ, ನಾಲಿಗಿಯಾಗ ಅದನ್ನ ಹಿಡಿಯೂ ಶಕ್ತಿನೇ ಇಲ್ಲ. ಅದು ಬೆನ್ನ ಹತ್ತೂದು ಖವಾದಾಗಿನ ಕೊಬ್ಬಿಗೆ. ಸಕ್ಕರಿಯಿಂದ ಅದಕ್ಕೇನೂ ಲಾಭ ಇಲ್ಲ.

ಮೂರು_ಬೆಕ್ಕಿನ_ಮನಿ
ಪೇಡೆ ಆಮ್ಯಾಲೆ ನೋಡೂಣು. ಪುಟ್ಟಿ ಅವರ, ಎರಡನೇ ಸಲ ಕೇಳಾಕತ್ತೇನಿ. ಮುಂಜಾನಿಂದ ರಾತ್ರಿ ತನಕ ಅದರ ಬಾಯಾಗ ಏನೇನು ಹೋಗತೈತಿ, ಒಂದೂ ಬಿಡದ ಬರೀರಿ.

ಮಾಳಮಡ್ಡಿ_ಪುಟ್ಟಿ (ಮಂಗಳವಾರ ಮುಂಜಾನಿ)
ತಪ್ಪು ತಿಳೀಬ್ಯಾಡ್ರಿ, ಊಟ ಇದಕ್ಕ ಸಂಬಂಧ ಇಲ್ಲ ಅಂತ ಬರೀಲಿಲ್ಲ. ನಮ್ಮನ್ಯಾಗ ಮಾಂಸ ಅಡಿಗಿಮನಿ ಒಳಗ ಬರಂಗಿಲ್ಲ. ಆದ್ರೂ ಮರಿ ಬಂದ ದಿನದಿಂದ ಹಿತ್ತಲದಾಗ ಬ್ಯಾರೆ ಒಲಿ, ಬ್ಯಾರೆ ಪಾತ್ರಿ ಇಟ್ಟು ಅದಕ್ಕಂತನ ಚಿಕನ್ ಕುದಸ್ತೀನಿ. ಗಂಟಲಿಗೆ ಸಿಗಬಾರದಂತ ಎಲುಬಿಲ್ಲದ ಎದಿ ಮಾಂಸ ಅಷ್ಟೇ ತರಸ್ತೀನಿ. ಉಪ್ಪು ಇಲ್ಲ, ಅರಿಶಿಣ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಮೊದಲೇ ಇಲ್ಲ. ಮೂರು ನೀರು ಕುದಸಿ, ವಾಸನಿ ಬರ್ತದಂತ ನೀರು ಚೆಲ್ಲಿ, ಎಳಿ ಎಳಿ ಬಿಡಿಸಿ ಹಾಕ್ತೀನಿ. ದಿನಕ್ಕ ಮೂರು ಹೊತ್ತು, ಮೂರು ತಿಂಗಳಿಂದ. ಪೇಟಿ ಊಟ ಒಂದು ಕಾಳೂ ಹಾಕಿಲ್ಲ. ಇದಕ್ಕಿಂತ ಶುದ್ಧ ಇನ್ನೇನು ಹಾಕ್ಲಿ?

ಮೂರು_ಬೆಕ್ಕಿನ_ಮನಿ
ನೀವು ಮಾಡಿದ್ದ ಸೇವಾ ಭಾಳ ದೊಡ್ಡದು, ಅದನ್ನ ಮೊದಲ ಹೇಳತೇನಿ. ಆದ್ರ ಮರಿ ಕುಂಟಾಕತ್ತಿದ್ದು ಆ ಊಟದಿಂದನ ಅಂತ ನನಗ ಅನಸತೈತಿ. ಹಿಂಗ ಬಂದ ಎರಡು ಮರಿ ನಾ ಸಾಕೇನಿ.
100 ಗ್ರಾಂ ಕೋಳಿ ಮಾಂಸದಾಗ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು, ರಂಜಕ 200ರ ಆಸುಪಾಸು. ಬೆಳಿಯೂ ಮರಿಗೆ ಎರಡೂ ಹೆಚ್ಚೂಕಡಿಮಿ ಸರಿಸಮ ಬೇಕು, ಕ್ಯಾಲ್ಸಿಯಂ ಒಂದು ಕೈ ಮ್ಯಾಲ ಇರಬೇಕು. ಊಟದಾಗ ಸಿಗಲಿಲ್ಲ ಅಂದ್ರ ರಕ್ತ ಸುಮ್ನ ಕೂಡ್ರಂಗಿಲ್ಲ. ಕೊರಳಾಗ ಪ್ಯಾರಾಥೈರಾಯ್ಡ್ ಅಂತ ಸಣ್ಣ ಗ್ರಂಥಿ ಅದಾವ, ಅವು ಎಲುಬಿನಾಗಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕ ಕೊಡತಾವ. ತಿಂಗಳುಗಟ್ಟಲೆ ಹಿಂಗ ನಡೀತಂದ್ರ ಎಲುಬು ಹಪ್ಪಳ ಆಗತಾವ. ಬೀಳೂದೇ ಬ್ಯಾಡ, ದಿವಾನದಿಂದ ಇಳಿದ್ರೂ ಮಡಚತಾವ. ಬೆನ್ನು ಮುಟ್ಟಿದ್ರ ಚೀರೂದು ಅದಕ್ಕ. ಕಚ್ಚಿದ್ದು ಸಿಟ್ಟಿನಿಂದ ಅಲ್ಲ, ನೋವಿನಿಂದ.
ಏಲಕ್ಕಿ ಅಕ್ಕಾರ, ನಿಮ್ಮ ಅಜ್ಜಿ ಬೆಕ್ಕು ಹಾಲು ಅನ್ನದ ಮ್ಯಾಲ ಬದುಕಲಿಲ್ರಿ. ಕಣಜದಾಗಿನ ಇಲಿ, ಅಟ್ಟದ ಮ್ಯಾಲಿನ ಹಲ್ಲಿ, ಹಿತ್ತಲದ ಗುಬ್ಬಿ ತಿಂದು ಬದುಕಿತ್ತು. ಇಲಿ ಅಂದ್ರ ಎಲುಬು, ಲಿವರ್, ಹೃದಯ, ರಕ್ತ, ತೊಗಲು ಎಲ್ಲಾ ಕೂಡಿದ ಒಂದು ಪೂರಾ ಊಟ. ಹಾಲು ಅನ್ನ ಅದರ ಮ್ಯಾಲಿನ ತುಪ್ಪ ಅಷ್ಟೇ. ಹಾಲಿನಾಗ ಕ್ಯಾಲ್ಸಿಯಂ ಐತಿ ಖರೆ, ಅದರ ಜೋಡಿ ರಂಜಕಾನೂ ಐತಿ, ಚಿಕನ್ನಿನ ಕೊರತಿ ತುಂಬಂಗಿಲ್ಲ.

ಬೆಟಗೇರಿ_ನೇಕಾರ
ಹಂಗಾರ ಕ್ಯಾಲ್ಸಿಯಂ ಸಿರಪ್ ಕೊಟ್ರ ಮುಗೀತಲ್ಲ. ಮೆಡಿಕಲ್‌ನಾಗ ಸಿಗತೈತಿ.

ಮೂರು_ಬೆಕ್ಕಿನ_ಮನಿ
ನಮ್ಮ ಕೈಲೆ ಅಂದಾಜಿಗೆ ಬ್ಯಾಡ್ರಿ. ಮನಷ್ಯಾರ ಸಿರಪ್ಪಿನಾಗ ವಿಟಮಿನ್ ಡಿ ಕೂಡಿಸಿರತಾರ, ಅಷ್ಟು ಸಣ್ಣ ಜೀವಕ್ಕ ಹೆಚ್ಚಾತಂದ್ರ ಕಿಡ್ನಿಗೆ ಪೆಟ್ಟು. ಮೊದಲ ಎಕ್ಸ್‌ರೇ. ಗದಗದ ಕಡಿಯವರಿಗೆ ಅಲ್ಲೇ ಪಶುವೈದ್ಯಕೀಯ ಕಾಲೇಜ್ ಐತಿ. ಧಾರವಾಡದವರು ಎಕ್ಸ್‌ರೇ ಇರೂ ಕ್ಲಿನಿಕ್ಕಿಗೇ ಹೋಗ್ರಿ, ‘ಮೂರು ತಿಂಗಳು ಬರೇ ಎಲುಬಿಲ್ಲದ ಚಿಕನ್’ ಅಂತ ಹೋದಕೂಡ್ಲೆ ಹೇಳ್ರಿ. ಎತ್ತೂ ಮುಂದ ಎದಿ, ಹಿಂಭಾಗ ಎರಡಕ್ಕೂ ಕೈ ಕೊಟ್ಟು ಎತ್ತಿ, ಬುಟ್ಟಿಯಾಗ ಟಾವೆಲ್ ಹಾಸಿ ಒಯ್ಯಿರಿ.
ಇನ್ನೊಂದು ಮಾತು. ಕುದಿಸಿದ ನೀರು ಚೆಲ್ಲತೀರಲ್ಲ, ಅದರ ಜೋಡಿ ಟೌರಿನ್ ಅನ್ನೂ ಪೋಷಕಾಂಶ ಹೊಕ್ಕೈತಿ. ಅದು ನೀರಾಗ ಕರಗತೈತಿ. ಕಾಳು, ಕಾಯಿಪಲ್ಯೆದಾಗ ಸಿಗಂಗಿಲ್ಲ, ಬೆಕ್ಕಿನ ಮೈ ಬೇಕಾದಷ್ಟು ತಯಾರಸೂದಿಲ್ಲ. ಕಡಿಮಿ ಆದ್ರ ಕಣ್ಣು ಹೋಗತಾವ, ಹೃದಯ ಉಬ್ಬತೈತಿ. ಹೃದಯದ ಸಂಬಂಧ ಅಮೆರಿಕಾದ ಡೇವಿಸ್‌ನಾಗಿನ ಸಂಶೋಧಕರು 1987ರಾಗ ತೋರಿಸಿದ ಮ್ಯಾಲೆ ಕಂಪನಿಗಳು ಬೆಕ್ಕಿನ ಊಟಕ್ಕ ಟೌರಿನ್ ಹೆಚ್ಚಿಗಿ ಹಾಕಾಕ ಹತ್ತಿದ್ರು. ನಾಯಿ ಊಟ ಬೆಕ್ಕಿಗೆ ಹಾಕಬಾರದು ಅನ್ನೂದಕ್ಕ ಇದೂ ಒಂದು ಕಾರಣ.

ಉಣಕಲ್_ದಂಡಿ
ನಾನಂತೂ ಕಾಳು ಊಟ ಆನಲೈನ್ ಏಳು ಕೇಜಿ ಚೀಲಾನ ತರಸತೇನಿ, ಗಾಳಿ ಆಡದ ಡಬ್ಬಿಗೆ ಸುರುವಿ…

ಹಾವೇರಿ_ಏಲಕ್ಕಿ
ಅಣ್ಣಾ, ಅಕೀ ಮರಿ ನೋವಿನಾಗ ಐತಿ. ಚೀಲದ ಮಾತು ಇನ್ನೊಮ್ಮೆ. ತಂಗಿ, ಹೋಗಿ ಬಂದ ಕೂಡ್ಲೆ ಬರಿ. ನನ್ನ ಹಾಲಿನ ಮಾತು ಮನಸಿಗೆ ಹಚಗೋಬ್ಯಾಡ.

ಮಾಳಮಡ್ಡಿ_ಪುಟ್ಟಿ (ಬುಧವಾರ ಸಂಜಿ)
ಎಕ್ಸ್‌ರೇ ಆತು. ಡಾಕ್ಟರ್ ಫಿಲ್ಮ್ ಬೆಳಕಿಗೆ ಹಿಡದು ತೋರಿಸಿದ್ರು. ಎಲುಬು ಬೆಳ್ಳಗ ಕಾಣಬೇಕಂತ, ನಮ್ಮ ಪುಟ್ಟೀವು ಸುತ್ತಲಿನ ಮಾಂಸದಷ್ಟೇ ಮಬ್ಬು ಬೂದಿ ಬಣ್ಣ. ಎಡ ತೊಡಿ ಎಲುಬು ಹಸೀ ಕಡ್ಡಿ ಬಗ್ಗಿಸಿದಂಗ ಮಡಚೇದ. ನೋಡಿ ಅಲ್ಲೇ ಅತ್ತುಬಿಟ್ಟೆ, ನನ್ನ ಕೈಲೆ ಬಿಡಿಸಿ ಬಿಡಿಸಿ ಹಾಕಿದ ಊಟ ಅದು. ಬೆಕ್ಕಿಗೆ ನಡಿಯೂ ನೋವಿನ ಔಷಧ ಅವರೇ ಕೊಟ್ಟಾರ. ಚಿಕನ್ ಬಂದ್. ಮರಿಗಳದ್ದು, ‘ಕಂಪ್ಲೀಟ್’ ಅಂತ ಬರದಿರೂ ಒದ್ದಿ ಊಟ ಬರದುಕೊಟ್ಟಾರ. ಚಿಕ್ಕ ಪಂಜರದಾಗ ಇಡಬೇಕು, ಒಂದು ಜಿಗತಾನೂ ಆಗಬಾರದು. ಸಣ್ಣ ಮರಿ ಅದ, ಛಲೋ ಊಟ ಬಿದ್ರ ಎಲುಬು ತುಂಬ್ತಾವ ಅಂದ್ರು. ಹೊಸಾ ಊಟ ಮೂಸಿ ನೋಡಿ ಮುಖಾ ತಿರಗಸ್ತದ, ಏನ್ ಮಾಡ್ಲಿ?

ಮೂರು_ಬೆಕ್ಕಿನ_ಮನಿ
ಉಗುರು ಬೆಚ್ಚಗ ಮಾಡಿ ಕೊಡ್ರಿ, ವಾಸನಿ ಏಳಬೇಕು. ಮೊದಲ ದಿನ ಮ್ಯಾಲೆ ಎರಡು ಎಳಿ ಚಿಕನ್ ಉದುರಸ್ರಿ, ದಿನಾ ಕಡಿಮಿ ಮಾಡ್ರಿ. ಹಸಿದ್ರ ತಾನ ತಿಂತೈತಿ ಅಂತ ಉಪವಾಸ ಮಾತ್ರ ಕೆಡವಬ್ಯಾಡ್ರಿ. ಒಂದು ದಿನ ಪೂರ್ತಿ ಬಾಯಿ ಮುಟ್ಟಲಿಲ್ಲಂದ್ರ ಡಾಕ್ಟರಿಗೆ ಫೋನ್ ಮಾಡ್ರಿ.

ಬೆಟಗೇರಿ_ನೇಕಾರ
ಜಂತು ಅಲ್ಲ, ಒಪ್ಪಿದೆ. ನಮ್ಮ ಗುಂಡಗೂ ಬರೇ ಬೆಂದ ಮೀನಾ ಹಾಕಾಕತ್ತೇನಿ, ಎಲುಬು ತಗದು. ಆರು ವರ್ಷದಾಂವ. ಅಂವಂದೂ ತೋರಸ್ಬೇಕೇನು?

ಮೂರು_ಬೆಕ್ಕಿನ_ಮನಿ
ತೋರಸ್ರಿ. ಬ್ಯಾರೆ ಪೋಸ್ಟ್ ಹಾಕ್ರಿ, ಮೀನಿಂದು ಬ್ಯಾರೇನ ಐತಿ.

ಮಾಳಮಡ್ಡಿ_ಪುಟ್ಟಿ (19 ದಿನದ ಮ್ಯಾಲೆ)
ಇವತ್ತು ಮುಂಜಾನಿ ಬೆನ್ನ ಮ್ಯಾಲೆ ಕೈ ಇಟ್ಟೆ, ಚೀರಲಿಲ್ಲ. ಕುತಗಿ ನನ್ನ ಬೆರಳಿಗೆ ಒತ್ತಿತು. ತಟ್ಟಿ ಪೂರಾ ನೆಕ್ಕಿ ಖಾಲಿ ಮಾಡ್ತದ. ಮುಂದಿನ ವಾರ ಇನ್ನೊಂದು ಎಕ್ಸ್‌ರೇ. ರಾತ್ರಿ ಮಾತ್ರ ಪಂಜರದಾಗ ಒದರ್ತದ, ಅಪ್ಪಾ ಎದ್ದು ಬಂದು ಬಾಗಲಾ ತಗಿ ಅಂತಾರ. ತಗೀಲೇನು?

ಹಾವೇರಿ_ಏಲಕ್ಕಿ
ತಗೀಬ್ಯಾಡ ತಂಗಿ. ಪಂಜರದ ಮ್ಯಾಲೆ ನಿನ್ನ ಹಳೀ ಸೀರಿ ಹೊಚ್ಚಿ, ಬಾಜೂಕ ಹಾಸಿಗಿ ಹಾಕೊಂಡು ಮಲಗು.