ಅಪ್‌ಡೇಟ್: ಕೀ ಆಫ್ ಮಾಡಿದ್ರೂ ಇಂಜಿನ್ ನಿಲ್ತಿಲ್ಲ ಅಂದಿದ್ನಲ್ಲ, ಕಾರಣ ಸಿಕ್ತು

ಹೋದ ವಾರ ಕೇಳಿದ್ದೆ, ನನ್ನ ಹಳೇ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸೋ ಭಾಗ) ಇರೋ ಪೆಟ್ರೋಲ್ ಕಾರು ಚೆನ್ನಾಗಿ ಬಿಸಿಯಾದ್ಮೇಲೆ ಕೀ ಆಫ್ ಮಾಡಿದ್ರೂ ಐದಾರು ಸೆಕೆಂಡ್ ಗಡಗಡ ನಡುಗ್ತಾ ಓಡ್ತಾನೇ ಇರುತ್ತೆ, ಯಾಕೆ ಅಂತ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಇಗ್ನಿಷನ್ ಸ್ವಿಚ್ಚೇ ಹೋಗಿದೆ ಅನ್ಕೊಂಡಿದ್ದೆ, ಅದಲ್ಲ. ಸ್ಪಾರ್ಕ್ ನಿಂತೇ ಹೋಗಿರ್ತಿತ್ತು, ಆದ್ರೆ ಸಿಲಿಂಡರ್ ಒಳಗೆ ಕಟ್ಕೊಂಡಿದ್ದ ಕಾರ್ಬನ್ ಕೆಂಡದ ಹಾಗೆ ಕಾದು, ಒಳಗೆ ಬರೋ ಪೆಟ್ರೋಲ್‌ಗೆ ಅದೇ ಬೆಂಕಿ ಹಚ್ತಾ ಇತ್ತು. ಡೀಸೆಲ್ ಇಂಜಿನ್ ಸ್ಪಾರ್ಕ್ ಇಲ್ದೇ ಓಡುತ್ತಲ್ಲ, ಅದಕ್ಕೇ ಇದನ್ನ ಡೀಸೆಲಿಂಗ್ ಅಂತಾರೆ.

ಆದ್ರೆ ಕೀ ಆಫ್ ಆದ್ಮೇಲೂ ಪೆಟ್ರೋಲ್ ಬರ್ತಿತ್ತು ಯಾಕೆ, ನನ್ನ ಕಾಡಿದ್ದು ಅದೇ. ಕಾರ್ಬ್ಯುರೇಟರ್ ಪಕ್ಕ ಒಂದು ಚಿಕ್ಕ ಸೊಲೆನಾಯ್ಡ್ (ಕರೆಂಟ್‌ನಿಂದ ಕೆಲಸ ಮಾಡೋ ವಾಲ್ವ್) ಇದೆ, ಕರೆಂಟ್ ನಿಂತ ತಕ್ಷಣ ಸ್ಪ್ರಿಂಗ್ ಅದರ ಪಿನ್ನನ್ನ ಮುಂದೆ ತಳ್ಳಿ ಐಡಲ್ ಜೆಟ್ (ಆಕ್ಸಿಲರೇಟರ್ ಒತ್ತದೇ ಇಂಜಿನ್ ಸುಮ್ನೆ ಓಡ್ತಿರುವಾಗ ಪೆಟ್ರೋಲ್ ಬರೋ ಸಣ್ಣ ತೂತು) ಮುಚ್ಬೇಕು. ಕೀ ಆನ್ ಆಫ್ ಮಾಡಿ ಕಿವಿಗೊಟ್ಟು ಕೇಳ್ದೆ, ಟಿಕ್ ಅನ್ನೋ ಸದ್ದೇ ಇಲ್ಲ. ಬಿಚ್ಚಿ ನೋಡಿದ್ರೆ ಪಿನ್ ಸುತ್ತ ಕಂದು ಬಣ್ಣದ ಅಂಟು, ತೆರೆದ ಜಾಗದಲ್ಲೇ ಕಚ್ಕೊಂಡು ಕೂತಿದೆ! ಕ್ಲೀನರ್ ಹೊಡೆದು ಒರೆಸಿ ಹಾಕಿದ್ಮೇಲೆ ಟಿಕ್ ಅಂತು.

ಐಡಲ್ ಕೂಡ 1200 ಆರ್‌ಪಿಎಂ ಇತ್ತು, ಥ್ರಾಟಲ್ (ಇಂಜಿನ್‌ಗೆ ಹೋಗೋ ಗಾಳಿಯ ಬಾಗಿಲು) ಜಾಸ್ತಿ ತೆರೆದಿದ್ರೆ ಗಾಳಿ ಪೆಟ್ರೋಲ್ ಎರಡೂ ಒಳಗೆ ನುಗ್ತಾವಂತೆ, 850ಕ್ಕೆ ಇಳಿಸ್ದೆ. ಪ್ಲಗ್‌ಗಳನ್ನೂ ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಹೀಟ್ ರೇಂಜ್‌ದೇ (ಪ್ಲಗ್ ಎಷ್ಟು ಬೇಗ ಬಿಸಿ ಹೊರಗೆ ಬಿಡುತ್ತೆ ಅನ್ನೋ ಅಳತೆ) ಹಾಕಿದೀನಿ.

ನಾಲ್ಕು ದಿನ ಆಯ್ತು, ಒಂದು ಗಂಟೆ ಓಡಿಸಿ ಬಂದು ಆಫ್ ಮಾಡಿದ್ರೂ ಪಟ್ ಅಂತ ನಿಲ್ತಿದೆ. ಕಾರ್ಬನ್ ಇನ್ನೂ ಒಳಗೇ ಇದೆ, ಮುಂದಿನ ತಿಂಗಳು ಇಂಜಿನ್ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚಿಸಿ ತೆಗೆಸ್ತೀನಿ.