ವಕೀಲರನ್ನು ಕೇಳಿ: ಪೆಟ್ಟು, ಪರಿಹಾರ, ಇನ್ಶೂರೆನ್ಸ್

ಅಡ್ಮಿನ್: ಚಿಕ್ಕಮಗಳೂರಿನ ನಮ್ಮ ವಕೀಲರು ಇವತ್ತು ಎಂಟು ಗಂಟೆವರೆಗೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭ ಸಂಜೆ ಚಿತ್ರ ಹಾಕಬೇಡಿ.

ಕಡೂರು ಟೀಚರ್: ಸರ್, ಬೀರೂರು ರಸ್ತೆಯಲ್ಲಿ ನಮ್ಮ ಯಜಮಾನರ ಬೈಕಿಗೆ ಕಾರು ಗುದ್ದಿಕೊಂಡು ಹೋಯಿತು. ನಂಬರ್ ಯಾರೂ ನೋಡಿಲ್ಲ. ಕಾಲು ಮುರಿದಿದೆ. ಏನಾದರೂ ಸಿಗುತ್ತದಾ?

ವಕೀಲರು: ಸಿಗುತ್ತದೆ. ಗಾಡಿ ಪತ್ತೆಯಾಗದಿದ್ದರೆ ಕೇಂದ್ರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. ಎಫ್‌ಐಆರ್, ಆಸ್ಪತ್ರೆ ಕಾಗದ ಹಿಡಿದು ತಾಲೂಕು ಕಚೇರಿಯಲ್ಲಿ ಕೇಳಿ. ಅದಕ್ಕೂ ಮೊದಲು ಆ ರಸ್ತೆಯ ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಿಸಿ. ರೆಕಾರ್ಡಿಂಗ್ ಜಾಸ್ತಿ ದಿನ ಇರುವುದಿಲ್ಲ.

ಆಲೂರು ಸದಸ್ಯ: ಬೀದಿ ನಾಯಿ ಕಚ್ಚಿದರೆ ಪಂಚಾಯಿತಿ ಮೇಲೆ ಕೇಸ್ ಹಾಕಬಹುದಾ?

ಮೂಡಿಗೆರೆ ಅಕ್ಕ: ಸರ್, ನನ್ನ ತಮ್ಮನಿಗೆ 30 ವರ್ಷ. ತೋಟದಲ್ಲಿ ಮೆಣಸು ಕೊಯ್ಯಲು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಅಲ್ಯೂಮಿನಿಯಂ ಏಣಿ ತಿರುಗಿಸುವಾಗ ಮೇಲಿನ 11 ಕೆವಿ ಕರೆಂಟು ಲೈನಿಗೆ ತಗುಲಿತು. ಬಲಗೈ ಮೊಣಕೈ ಕೆಳಗೆ ತೆಗೆದಿದ್ದಾರೆ. ಕಂಟ್ರಾಕ್ಟಿನವನು ಕರೆದುಕೊಂಡು ಹೋದ ಆಳು, ನಮಗೆ ಸಂಬಂಧವಿಲ್ಲ ಅಂತ ಮಾಲೀಕರು ಹೇಳುತ್ತಾರೆ. ಹಿಂದಿನ ದಿನ ಕುಡಿದಿದ್ದ ಅಂತಲೂ ಹೇಳುತ್ತಾರೆ. 40 ಸಾವಿರ ಕೊಡುತ್ತೇವೆ, ಛಾಪಾ ಕಾಗದಕ್ಕೆ ಸಹಿ ಹಾಕಿ ಅಂತ ತೋಟದ ಲೆಕ್ಕ ನೋಡುವ ರೈಟರ್ ದಿನಾ ಬರುತ್ತಾರೆ.

ವಕೀಲರು: ಸಹಿ ಹಾಕಬೇಡಿ. ಉಳಿದದ್ದು ಆಮೇಲೆ ಓದಿ, ಮೊದಲು ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿ.

ಈಗ ಕೇಳಿ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವ ಕಾನೂನು ಈ ದೇಶದಲ್ಲಿ 1923ರಿಂದ ಇದೆ. ಕಾಫಿ ತೋಟ ಅದರೊಳಗೆ ಬರುತ್ತದೆ. ತಪ್ಪು ಯಾರದು ಅಂತ ನೀವು ತೋರಿಸಬೇಕಾಗಿಲ್ಲ. ಕಂಟ್ರಾಕ್ಟಿನವನು ಕರೆತಂದ ಆಳಿಗೂ ತೋಟದ ಮಾಲೀಕನೇ ಕೊಡಬೇಕು. ಆಮೇಲೆ ಬೇಕಾದರೆ ಕಂಟ್ರಾಕ್ಟಿನವನಿಂದ ವಸೂಲಿ ಮಾಡಿಕೊಳ್ಳಲಿ. ಹಕ್ಕು ಬಿಟ್ಟುಕೊಡುತ್ತೇನೆ ಅಂತ ಬರೆಸಿಕೊಂಡ ಕಾಗದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೂ ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ಎಳೆಯುತ್ತಾರೆ. ಅದಕ್ಕೇ ಸಹಿ ಬೇಡ.

ಲೆಕ್ಕ ಹೇಳುತ್ತೇನೆ. ಅಂಗೈಯೋ, ಮೊಣಕೈಯಿಂದ ನಾಲ್ಕೂವರೆ ಇಂಚು ಕೆಳಗಿನ ಭಾಗವೋ ಹೋದರೆ ಕಾನೂನಿನ ಪಟ್ಟಿಯ ಪ್ರಕಾರ ದುಡಿಯುವ ಶಕ್ತಿಯಲ್ಲಿ 60% ನಷ್ಟ. ಮಾಲೀಕರ ಕಡೆಯವರು ಇದನ್ನೇ ಓದುತ್ತಾರೆ. ಆದರೆ ಏಣಿ ಹತ್ತಿ ಬದುಕುವವನಿಗೆ ಬಲಗೈ ಇಲ್ಲ ಅಂದರೆ ಏನು ಉಳಿಯಿತು? ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಕೇಳಿದೆ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಇದು ನೂರಕ್ಕೆ ನೂರು ನಷ್ಟ ಅಂತ ತೀರ್ಪು ಕೊಟ್ಟಿದೆ. ತಿಂಗಳಿಗೆ 12 ಸಾವಿರ ಸಂಬಳ ಅಂದುಕೊಳ್ಳಿ. ಪೂರ್ತಿ ನಷ್ಟಕ್ಕೆ ಸಂಬಳದ 60% ಹಿಡಿಯುತ್ತಾರೆ, ಅಂದರೆ 7,200. ವಯಸ್ಸಿಗೆ ತಕ್ಕಂತೆ ಕಾನೂನಿನಲ್ಲಿ ಒಂದು ಅಂಕಿ ಇದೆ, 30 ವರ್ಷದವರಿಗೆ 207.98. ಅದರಿಂದ ಗುಣಿಸಬೇಕು. 14.97 ಲಕ್ಷ ಆಯಿತು. ಪಟ್ಟಿಯ 60% ನಷ್ಟವನ್ನೇ ಹಿಡಿದರೂ 9 ಲಕ್ಷದ ಹತ್ತಿರ. ಇವರು ಕೊಡುತ್ತೇವೆ ಅನ್ನುವುದು 40 ಸಾವಿರ!

ಹಿಂದಿನ ದಿನ ಕುಡಿದ ಮಾತು ಬಿಡಿ. ಅಮಲಿನಿಂದಲೇ ಅಪಘಾತ ಆಯಿತು ಅಂತ ಅವರು ತೋರಿಸಬೇಕು. ದುಡಿಯುವ ಶಕ್ತಿ ಪೂರ್ತಿ ಹೋದ ಕೇಸಿನಲ್ಲಿ ಆ ನೆಪವೂ ನಡೆಯುವುದಿಲ್ಲ.

ಇನ್ನೊಂದು ದಾರಿ ಕರೆಂಟು ಕಂಪನಿ. ವಿದ್ಯುತ್ತಿನಂಥ ಅಪಾಯದ ವಸ್ತು ಸಾಗಿಸುವವರು ತಮ್ಮ ತಪ್ಪಿಲ್ಲ ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ ಅಂತ 2002ರ ತೀರ್ಪಿದೆ. ಏಣಿ ತಂದದ್ದು ಬೇರೆಯವರು ಅಂತ ಅವರು ವಾದ ಮಾಡುತ್ತಾರೆ. ಹಾಗಾಗಿ ವಿದ್ಯುತ್ ಪರಿವೀಕ್ಷಕರ ವರದಿ ಬೇಕೇ ಬೇಕು. ಏಣಿ, ಲೈನು, ಮರ ಒಂದೇ ಫೋಟೊದಲ್ಲಿ ಬರಲಿ. ಏಣಿ ಅಲ್ಲೇ ಇರಲಿ.

ಬೇಲೂರು ಸದಸ್ಯ: ಟೈಮ್ ಲಿಮಿಟ್ ಎಷ್ಟು ಸರ್, ರಸ್ತೆ ಅಪಘಾತಕ್ಕೆ?

ವಕೀಲರು: 6 ತಿಂಗಳು.

ಆಲ್ದೂರು ಬೆಳೆಗಾರ: ಎಲ್ಲ ಮಾಲೀಕರ ತಲೆಗೆ ಕಟ್ಟಬೇಡಿ. ಲೈನ್ ಜೋತುಬಿದ್ದಿದೆ ಅಂತ ಮೂರು ಸಲ ಬರೆದುಕೊಟ್ಟಿದ್ದೇನೆ. ಫೈಬರ್ ಏಣಿ ತಂದಿಟ್ಟರೆ ಭಾರ ಅಂತ ಆಳುಗಳೇ ಮುಟ್ಟುವುದಿಲ್ಲ.

ಬಾಳೂರು ಹುಡುಗ: ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಭಾರದ ಏಣಿ ಯಾರು ಹೊರುತ್ತಾರೆ? ದಿನಗೂಲಿ ಕೊಟ್ಟು ನೋಡಿ.

ಆಲ್ದೂರು ಬೆಳೆಗಾರ: ನಿಮ್ಮದು ಎಷ್ಟು ಎಕರೆ?

ಬಾಳೂರು ಹುಡುಗ: ಎಕರೆ ಇಲ್ಲ. ಏಣಿ ಹತ್ತಿದ್ದೇನೆ.

ವಕೀಲರು: ಇಬ್ಬರೂ ಕೇಳಿ. ಜನ ಓಡಾಡುವ ರಸ್ತೆ ಬಿಟ್ಟು ಬೇರೆ ಜಾಗದಲ್ಲಿ 11 ಕೆವಿ ಬರಿ ತಂತಿ 4.6 ಮೀಟರ್ ಎತ್ತರದಲ್ಲಿದ್ದರೆ ನಿಯಮಕ್ಕೆ ಸಾಕು. ಅಂದರೆ 15 ಅಡಿ. ಮೆಣಸಿನ ಏಣಿ 20 ಅಡಿಗೂ ಜಾಸ್ತಿ. ಜೋತುಬೀಳದ ಲೈನೂ ತಗುಲುತ್ತದೆ! ಲೈನ್ ಕೆಳಗಿನ ಸಾಲು ಕೊಯ್ಯುವ ದಿನ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ದಿನ, ಕರೆಂಟು ಕಂಪನಿಯ ಸಹಾಯವಾಣಿ 1912ಕ್ಕೆ ಹೇಳಿ ಸಪ್ಲೈ ತೆಗೆಸಿ. ತೆಗೆದಿದ್ದು ಖಾತ್ರಿಯಾದ ಮೇಲೆ ಹತ್ತಿ.

ಹಾಸನ ಅಂಕಲ್: ಫಾರ್ವರ್ಡ್ ಆಗಿ ಬಂದದ್ದು. ಶಾಕ್ ಹೊಡೆದವರನ್ನು ಕುತ್ತಿಗೆವರೆಗೆ ಹಸಿ ಮಣ್ಣಿನಲ್ಲಿ ಹೂತರೆ ಕರೆಂಟು ಇಳಿಯುತ್ತದೆ. ಎಲ್ಲರಿಗೂ ಕಳಿಸಿ 🙏

ವಕೀಲರು: ಯಾರಿಗೂ ಕಳಿಸಬೇಡಿ. ಮೈಯಲ್ಲಿ ಕರೆಂಟು ನಿಲ್ಲಲು ಮನುಷ್ಯ ಬ್ಯಾಟರಿಯಾ? ಹೂಳುವ ಹೊತ್ತಿಗೆ ಜೀವ ಹೋಗಿರುತ್ತದೆ. ಲೈನ್ ಆಫ್ ಆಗುವ ತನಕ ಮುಟ್ಟಬೇಡಿ. ಆಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತಿ, 108ಕ್ಕೆ ಫೋನ್ ಮಾಡಿ.

ಹಾಸನ ಅಂಕಲ್: ಒಳ್ಳೆಯದಕ್ಕೇ ಹಾಕಿದ್ದು. ಇನ್ನೊಂದು, ಇದು ನಿಮ್ಮ ವಿಷಯವೇ: ಮೂರು ವರ್ಷ ಐಟಿ ರಿಟರ್ನ್ಸ್ ಕಟ್ಟಿದವರು ಅಪಘಾತದಲ್ಲಿ ಸತ್ತರೆ ಸರ್ಕಾರ ಸರಾಸರಿ ಆದಾಯದ ಹತ್ತು ಪಟ್ಟು ಕೊಡಬೇಕು.

ವಕೀಲರು: ಸುಳ್ಳು. ರಿಟರ್ನ್ಸ್ ಆದಾಯಕ್ಕೆ ಸಾಕ್ಷಿ, ಅಷ್ಟೇ. ಕೊಡುವುದು ಗುದ್ದಿದ ಗಾಡಿಯ ಇನ್ಶೂರೆನ್ಸ್. ಹತ್ತು ಪಟ್ಟು ಅನ್ನುವ ನಿಯಮವೇ ಇಲ್ಲ. ಈ ವರ್ಷ ಇದನ್ನು ನನಗೆ ಕಳಿಸಿದವರಲ್ಲಿ ಇಬ್ಬರು ವಕೀಲರೂ ಇದ್ದಾರೆ, ನಾಚಿಕೆಗೇಡು.

ಸಕಲೇಶಪುರ ಪಿಕಪ್: ಗೂಡ್ಸ್ ಗಾಡಿಯಲ್ಲಿ ಆಳುಗಳನ್ನು ಕೂರಿಸಿದರೆ ಇನ್ಶೂರೆನ್ಸ್ ಬರುತ್ತಾ?

ವಕೀಲರು: ಬರುವುದಿಲ್ಲ ಅಂದುಕೊಂಡೇ ಗಾಡಿ ಓಡಿಸಿ. ಕೂರಿಸಬೇಡಿ.

ಸಕಲೇಶಪುರ ಪಿಕಪ್: ಹಾಗಾದರೆ ಜನ ತೋಟಕ್ಕೆ ನಡೆದು ಹೋಗಬೇಕಾ? ಹೇಳುವುದು ಸುಲಭ.

ತರೀಕೆರೆ ಸದಸ್ಯ: ಅಪಘಾತಕ್ಕೆ ಎಷ್ಟು ದಿನದೊಳಗೆ ಕೇಸ್ ಹಾಕಬೇಕು ಸರ್?

ವಕೀಲರು: ಮೇಲೆ ಓದಿ.

ಕೊಪ್ಪ ಸದಸ್ಯ: ಟೈಮ್ ಲಿಮಿಟ್ ಇದೆಯಾ?

ಅಡ್ಮಿನ್: ಎಂಟಾಯಿತು. ಇನ್ನು ಸಾಕು.

ಮೂಡಿಗೆರೆ ಅಕ್ಕ: ಸರ್, ಕ್ಷಮಿಸಿ. ಅಮ್ಮನಿಗೆ ಹೇಳಿದೆ, ಸಹಿ ಹಾಕಿಲ್ಲ. ಏಣಿ ನೋಡಿಕೊಂಡು ಬಾ ಅಂತ ಭಾವನನ್ನು ಕಳಿಸಿದೆ. ಅಲ್ಲಿ ಇಲ್ಲವಂತೆ. ನಿನ್ನೆಯೇ ಜೀಪಿನಲ್ಲಿ ಹಾಕಿಕೊಂಡು ಹೋದರಂತೆ.

ವಕೀಲರು: ಫೋಟೊ ಇದೆಯಾ?

ಮೂಡಿಗೆರೆ ಅಕ್ಕ: ಅವತ್ತೇ ಜೊತೆಯ ಹುಡುಗ ತೆಗೆದದ್ದು ಒಂದಿದೆ. ತಂತಿಯೂ ಕಾಣುತ್ತದೆ.

ವಕೀಲರು: ಇಲ್ಲಿ ಹಾಕಬೇಡಿ. ನನಗೆ ಮಾತ್ರ ಕಳಿಸಿ, ಆ ಹುಡುಗನ ಫೋನಿನಿಂದಲೇ. ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬನ್ನಿ, ಅವನನ್ನೂ ಕರೆತನ್ನಿ.

ಆಲೂರು ಸದಸ್ಯ: ಸರ್, ನಾಯಿ?