ಕ್ರಿಸ್‌ಮಸ್ ದಿನ ಹೆಣ ಬೀಳುತ್ತೆ, ನಮಗೆ ನಗು ಬರುತ್ತೆ: ಇಂಥ ಹಳೇ ಕಾಲದ ಮರ್ಡರ್ ಮಿಸ್ಟರಿ ಓದೋರು ಇದ್ದೀರಾ?

ಮಿಡ್‌ನೈಟ್_ಮಂಡಕ್ಕಿ:
ಎಲ್ರಿಗೂ ನಮಸ್ಕಾರ. ಕಳೆದ ವಾರ ರಾತ್ರಿ ರೀಸ್ ಬೋವೆನ್ ಬರೆದಿರೋ ‘ದಿ ಟ್ವೆಲ್ವ್ ಕ್ಲೂಸ್ ಆಫ್ ಕ್ರಿಸ್‌ಮಸ್’ ಓದ್ತಾ ಇದ್ದೆ, ಪುಸ್ತಕ ಬಂದಿದ್ದು 2012ರಲ್ಲಿ, ಕಥೆ ಮಾತ್ರ 1933ರದ್ದು, ಇಂಗ್ಲೆಂಡಿನ ಡೆವನ್ ಕಡೆ ಒಂದು ಹಳ್ಳಿ, ಹಬ್ಬದ ಟೈಮಲ್ಲಿ ಅಲ್ಲಿ ದಿನಕ್ಕೊಬ್ರು ಸಾಯ್ತಾ ಹೋಗ್ತಾರೆ, ನಾನು ಕಂಬಳಿ ಬಾಯಿಗೆ ತುರುಕ್ಕೊಂಡು ನಗ್ತಾ ಇದ್ದೆ. ಮನೆಯವಳು ಎಚ್ಚರ ಆಗಿ ಏನ್ರೀ ಅಷ್ಟು ತಮಾಷೆ ಅಂದ್ಲು. ಇನ್ನೊಂದು ಹೆಣ ಬಿತ್ತು ಕಣೆ ಅಂದೆ. ಅವತ್ತಿಂದ ನನ್ನ ಕಡೆ ಒಂಥರಾ ನೋಡ್ತಾಳೆ.

ನಾಯಕಿ ಜಾರ್ಜಿ ಅಂತ, ರಾಜ ಐದನೇ ಜಾರ್ಜ್‌ಗೆ ಸಂಬಂಧಿ, ಆದ್ರೆ ಕೈಯಲ್ಲಿ ಬಿಡಿಗಾಸಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಪಕ್ಕಾ ಅದೇ ಕೇಸು. ದುಡಿಯೋಕೆ ವಂಶದ ಮರ್ಯಾದೆ ಅಡ್ಡ ಬರುತ್ತೆ, ಕೂತು ತಿನ್ನೋಣ ಅಂದ್ರೆ ತಿನ್ನೋಕೆ ಏನೂ ಇಲ್ಲ. ಜೊತೆಗೆ ಕ್ವೀನಿ ಅಂತ ಒಬ್ಳು ಕೆಲಸದವಳು, ಅವಳ ಕೈಗೆ ಬಟ್ಟೆ ಕೊಟ್ರೆ ವಾಪಸ್ ಬರೋ ಗ್ಯಾರಂಟಿ ಇಲ್ಲ.

ಈಗಿನ ಕ್ರೈಮ್ ಸೀರೀಸ್ ಒಂದು ಎಪಿಸೋಡ್ ನೋಡಿದ್ರೆ ನಂಗೆ ರಾತ್ರಿ ಬಾತ್‌ರೂಮಿಗೆ ಹೋಗೋಕೂ ಧೈರ್ಯ ಬರಲ್ಲ, ಆದ್ರೆ ಇಲ್ಲಿ ಎಂಟತ್ತು ಜನ ಸತ್ರೂ ಬೆಚ್ಚಗೆ ನಿದ್ದೆ ಬರುತ್ತೆ. ಇದ್ಯಾಕೆ ಹೀಗೆ? ಇದೇ ಥರದ್ದು ಬೇರೆ ಏನಾದ್ರೂ ಇದ್ರೆ ಹೇಳಿ ಪ್ಲೀಸ್.

ಕಾಫಿಪುಡಿ:
ನಿಮಗೇನೂ ಆಗಿಲ್ಲ ಸರ್, ಆರಾಮಾಗಿರಿ. ನಂಗನಿಸೋದು, ಇದರಲ್ಲಿ ನಗು ಬರೋದು ಕೊಲೆಯಿಂದ ಅಲ್ಲ, ಕೊಲೆ ಆದ್ಮೇಲೂ ಊಟ ಟೈಮಿಗೆ ಬಡಿಸ್ಲೇಬೇಕು ಅನ್ನೋ ಹಠದಿಂದ. ಲೈಬ್ರರಿಲಿ ಹೆಣ ಬಿದ್ದಿದೆ, ಮನೆ ಯಜಮಾನಿಗೆ ಚಿಂತೆ ಏನಂದ್ರೆ ಟೇಬಲ್‌ಗೆ 13 ಜನ ಆಗ್ಬಿಡ್ತಾರಲ್ಲ, ಅಪಶಕುನ ಅನ್ನೋದು. ಆಮೇಲೆ ಕ್ರಿಸ್‌ಮಸ್ ಅಂದ್ರೆ ಒಬ್ರ ಮುಖ ಒಬ್ರಿಗೆ ಆಗದ ನೆಂಟ್ರೆಲ್ಲಾ ಒಂದೇ ಮನೇಲಿ ಮೂರ್ನಾಲ್ಕು ದಿನ ನಗ್ತಾ ಇರ್ಬೇಕು, ಎದ್ದು ಹೋಗೋ ಹಾಗಿಲ್ಲ, ಆಸ್ತಿ ಮಾತು ಎಲ್ರ ನಾಲಿಗೆ ತುದಿಲಿದೆ ಆದ್ರೆ ಯಾರೂ ಎತ್ತಲ್ಲ. ನಮ್ಮ ಮದುವೆ ಮನೆ ನೆನಪಾಗಲ್ವಾ? ಹಳೇ ಕಾಲ ಬೇಕಾಗೋದೂ ಇದಕ್ಕೇ. ಮೊಬೈಲ್ ಇಲ್ಲ, ಡಿಎನ್‌ಎ ಟೆಸ್ಟ್ ಇಲ್ಲ, ಯಾರು ಯಾರ ಜೊತೆ ಏನು ಮಾತಾಡಿದ್ರು ಅನ್ನೋದೇ ಸಾಕ್ಷಿ, ಹಾಗಾಗಿ ಲೇಖಕರು ಮಾತಿನ ಮೇಲೇ ಆಟ ಆಡ್ಬೇಕು.

ಜಾರ್ಜೆಟ್ ಹೇಯರ್ 1941ರಲ್ಲಿ ಬರೆದ ‘ಎನ್ವಿಯಸ್ ಕ್ಯಾಸ್ಕ’ ಹುಡುಕಿ, ಈಗ ‘ಎ ಕ್ರಿಸ್‌ಮಸ್ ಪಾರ್ಟಿ’ ಅನ್ನೋ ಹೆಸರಲ್ಲಿ ಸಿಗುತ್ತೆ. ಹಬ್ಬ ಅಂದ್ರೆ ಉರಿದು ಬೀಳೋ ಮುದುಕ, ಎಲ್ರನ್ನೂ ಕರೆದು ಖುಷಿಯಾಗಿರಿ ಖುಷಿಯಾಗಿರಿ ಅಂತ ಪ್ರಾಣ ತಿನ್ನೋ ಅವನ ತಮ್ಮ. ಹೆಣ ಬೀಳೋಕೆ ಮುಂಚೆ ನಡೆಯೋ ಜಗಳಗಳೇ ಸಾಕು, ಒಂದೊಂದು ಮಾತೂ ಸೂಜಿ. ಫರ್ಜನ್ ಅವರ ‘ಮಿಸ್ಟರಿ ಇನ್ ವೈಟ್’ ಕೂಡ ಇದೆ, 1937ರದ್ದು, ಜನ ಪೂರ್ತಿ ಮರೆತಿದ್ರು, 2014ರಲ್ಲಿ ಬ್ರಿಟಿಷ್ ಲೈಬ್ರರಿ ಮತ್ತೆ ಪ್ರಿಂಟ್ ಹಾಕಿದ್ಮೇಲೆ ಸಿಕ್ಕಾಪಟ್ಟೆ ಓಡ್ತು. ಹಿಮದಲ್ಲಿ ರೈಲು ನಿಂತೋಗುತ್ತೆ, ಇಳಿದು ನಡೆದ ಪ್ಯಾಸೆಂಜರ್‌ಗಳಿಗೆ ಒಂದು ಮನೆ ಸಿಗುತ್ತೆ, ಒಲೆ ಉರೀತಿದೆ, ಟೀ ರೆಡಿ ಇದೆ, ಒಳಗೆ ನರಪಿಳ್ಳೆ ಇಲ್ಲ.

ಗಿರ್ಮಿಟ್_ಗೆಳೆಯ:
ನಂದೊಂದು ತಕರಾರ ಐತ್ರಿ. ಈಗ ಬರೋ ಇಂಥ ಪುಸ್ತಕದಾಗ ಅರ್ಧಕ್ಕರ್ಧ ಬರೇ ಕವರ್ ಮ್ಯಾಲ ಕ್ರಿಸ್‌ಮಸ್, ಒಳಗ ತೆಗದ್ರ ಯಾವ ತಿಂಗಳಾದ್ರೂ ನಡೀತದ ಕಥಿ. ಹಬ್ಬ ತಗದ್ರ ಕಥಿ ಬೀಳಬೇಕು, ಅದು ಖರೇ ಕ್ರಿಸ್‌ಮಸ್ ಮಿಸ್ಟರಿ. ಪತ್ತೇದಾರ ಶೆರ್ಲಾಕ್ ಹೋಮ್ಸ್‌ಂದು ‘ಬ್ಲೂ ಕಾರ್ಬಂಕಲ್’ ನೋಡ್ರಿ, 1892ರ ಜನವರಿದಾಗ ಬಂದದ್ದು, ಕೊಲಿ ಇಲ್ಲ ಅದರಾಗ, ಆದ್ರ ಹಬ್ಬದ ಊಟದ ಬಾತುಕೋಳಿ (ಗೂಸ್) ಒಳಗ ಕದ್ದ ರತ್ನ ಸಿಗ್ತದ. ಬಡವ್ರು ವಾರಕ್ಕಿಷ್ಟು ಪೆನ್ನಿ ಅಂತ ಚೀಟಿ ಕಟ್ಟಿ ಹಬ್ಬಕ್ಕ ಬಾತುಕೋಳಿ ತಗೊಳ್ಳೋ ಪದ್ಧತಿ ಇತ್ತಲ್ಲ, ಆ ಗೂಸ್ ಕ್ಲಬ್ ಇರಲಿಲ್ಲಂದ್ರ ಕಥೀನ ಇಲ್ಲ. ಇದರಾಗ ಇನ್ನೊಂದು ಮಜಾ. ರತ್ನ ಸಿಕ್ಕಿದ್ದು ಬಾತುಕೋಳಿ ಗಂಟಲ ಚೀಲದಾಗ ಅಂತ ಬರದಾರ, ಆ ಹಕ್ಕಿಗೆ ಅಂಥ ಚೀಲಾನ ಇರಂಗಿಲ್ಲ! ಇಷ್ಟು ವರ್ಷ ಓದುಗರು ಹೋಮ್ಸ್ ಕಥಿ ಬರದ ಡಾಯ್ಲ್ ಸಾಹೇಬ್ರನ್ನ ಅದಕ್ಕ ಕಾಡಸ್ತಾ ಬಂದಾರ.

ಮತ್ತ ಎಲ್ಲಾರಿಗೂ ನಗು ಬೇಕಂತ ಇಲ್ರಿ. ಅಗಾಥಾ ಕ್ರಿಸ್ಟಿ ಬಾವಗ ಈಕಿ ಕೊಲಿಗೋಳು ಭಾಳ ನಾಜೂಕು ಆಗ್ಯಾವು, ರಕ್ತಾನ ಕಾಣವಲ್ದು ಅಂತ ಬ್ಯಾಸರ. ಆತನ ಸಲುವಾಗಿ ಬರದು ಆತಗ ಅರ್ಪಣಾ ಮಾಡಿದ್ದು 1938ರ ‘ಹರ್ಕ್ಯೂಲ್ ಪೊಯಿರೋಸ್ ಕ್ರಿಸ್‌ಮಸ್’. ಹಬ್ಬಕ್ಕ ಬಾವಗ ಕೊಡೋ ಉಡುಗೊರಿ ನೋಡ್ರಿ, ಹರದ ಗಂಟಲ.

ಕೆಸರೂರು_ಕನ್ನಡಿಗ:
ನಾನು ಇರೋದು ಇಂಗ್ಲೆಂಡಿನ ಕಿಂಗ್ಸ್ ಲಿನ್ ಹತ್ರ, ಹಾಗಾಗಿ ಬಾಯಿ ಹಾಕ್ತೀನಿ. ಮೊದಲನೇದಾಗಿ ಪುಸ್ತಕದಲ್ಲಿ ಇರೋ ಹಿಮ ನಂಬ್ಬೇಡಿ, ನಾನು ಬಂದಾಗಿಂದ ಕ್ರಿಸ್‌ಮಸ್ ದಿನ ನೋಡಿದ್ದು ಜಿಟಿಜಿಟಿ ಮಳೆ ಮತ್ತೆ ಕೆಸರು ಅಷ್ಟೇ. ಕಾದಂಬರಿಕಾರ ಡಿಕನ್ಸ್ ಚಿಕ್ಕವನಾಗಿದ್ದ 1810ರ ದಶಕದಲ್ಲಿ ಇಲ್ಲಿ ಭಯಂಕರ ಚಳಿ ಇತ್ತಂತೆ, ಅವನು ಅದನ್ನೇ ಬರೆದ, ಉಳಿದವ್ರು ಕಾಪಿ ಹೊಡೆದ್ರು.

ಮಂಡಕ್ಕಿ ಅವ್ರೇ, ನಿಮ್ಮ ಜಾರ್ಜಿ ಸೀರೀಸ್‌ನಲ್ಲೇ 2021ರಲ್ಲಿ ‘ಗಾಡ್ ರೆಸ್ಟ್ ಯೀ, ರಾಯಲ್ ಜೆಂಟಲ್‌ಮೆನ್’ ಬಂತು, 1935ರ ಕ್ರಿಸ್‌ಮಸ್, ನಮ್ಮ ಪಕ್ಕದ ಸ್ಯಾಂಡ್ರಿಂಗಮ್ ಅರಮನೆ ಹತ್ರಾನೇ ನಡೆಯುತ್ತೆ. ಈ ಅರಮನೇಲಿ ಐದನೇ ಜಾರ್ಜ್‌ನ ಅಪ್ಪ ಏಳನೇ ಎಡ್ವರ್ಡ್ ಕಾಲದಿಂದ ಗಡಿಯಾರಗಳನ್ನೆಲ್ಲಾ ಬೇಕಂತಲೇ ಅರ್ಧ ಗಂಟೆ ಮುಂದೆ ಇಡ್ತಾ ಇದ್ರು, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತಲ್ಲ, ಬೇಟೆಗೆ ಇನ್ನೊಂದಿಷ್ಟು ಬೆಳಕು ಸಿಗ್ಲಿ ಅಂತ. ಸ್ಯಾಂಡ್ರಿಂಗಮ್ ಟೈಮ್ ಅಂತಾನೇ ಹೆಸರು. 1932ರಲ್ಲಿ ಐದನೇ ಜಾರ್ಜ್ ಮೊದಲ ಸಲ ಕ್ರಿಸ್‌ಮಸ್ ರೇಡಿಯೋ ಭಾಷಣ ಮಾಡಿದ್ದೂ ಇಲ್ಲಿಂದಾನೇ. ಈಗ ಯೋಚಿಸಿ, ಅಡುಗೆಯವರಿಂದ ಹಿಡಿದು ಎಲ್ರೂ ರೇಡಿಯೋ ಮುಂದೆ, ರೇಡಿಯೋ ಒಂದು ಟೈಮ್ ಹೇಳುತ್ತೆ, ಹಾಲ್‌ನ ಗಡಿಯಾರ ಇನ್ನೊಂದು. ಇದಕ್ಕಿಂತ ಒಳ್ಳೆ ಅಲಿಬೈ (ಆ ಟೈಮಲ್ಲಿ ನಾನು ಬೇರೆ ಕಡೆ ಇದ್ದೆ ಅನ್ನೋ ಸಾಕ್ಷಿ) ಕೊಲೆಗಾರನಿಗೆ ಬೇಕಾ?

ನಿಜವಾದ ಕಥೆ ಅದಕ್ಕಿಂತ ಮಜಾ, ಮಜಾ ಅನ್ಬಾರ್ದು ಆದ್ರೂ. ಆ 1935ರ ಕ್ರಿಸ್‌ಮಸ್ಸೇ ರಾಜನ ಕೊನೇ ಕ್ರಿಸ್‌ಮಸ್, 1936 ಜನವರಿ 20ರ ರಾತ್ರಿ ಅದೇ ಅರಮನೇಲಿ ತೀರ್ಕೊಂಡ. ಐವತ್ತು ವರ್ಷ ಆದ್ಮೇಲೆ, 1986ರಲ್ಲಿ, ಅವನ ಡಾಕ್ಟರ್ ಲಾರ್ಡ್ ಡಾಸನ್ ಬರೆದಿಟ್ಟ ಟಿಪ್ಪಣಿ ಹೊರಗೆ ಬಂತು. ರಾಜ ಹೇಗೂ ಸಾಯೋ ಸ್ಥಿತಿಲಿದ್ದ, ಡಾಕ್ಟ್ರು ಮಾರ್ಫಿನ್ ಮತ್ತೆ ಕೊಕೇನ್ ಇಂಜೆಕ್ಷನ್ ಕೊಟ್ಟು ಬೇಗ ಕಳಿಸಿಬಿಟ್ಟಿದ್ದ. ಅವನು ಬರೆದಿದ್ದ ಕಾರಣಗಳಲ್ಲಿ ಒಂದು, ಸುದ್ದಿ ಮೊದಲು ಬೆಳಗಿನ ‘ಟೈಮ್ಸ್’ ಪೇಪರಲ್ಲಿ ಬರ್ಬೇಕು, ಸಂಜೆ ಪೇಪರ್‌ಗಳು ಅಷ್ಟು ಘನವಾದವಲ್ಲ ಅಂತ! ಪೇಪರ್‌ನವ್ರಿಗೆ ಸ್ವಲ್ಪ ಕಾಯೋಕೆ ಹೇಳ್ಸು ಅಂತ ಲಂಡನ್‌ನಲ್ಲಿದ್ದ ಹೆಂಡತಿಗೆ ಮೊದಲೇ ಫೋನ್ ಬೇರೆ ಮಾಡಿದ್ದ. ಇದನ್ನ ಕಾದಂಬರಿಲಿ ಬರೆದ್ರೆ ಎಡಿಟರ್ ಅತಿಯಾಯ್ತು ಅಂತ ಹೊಡೆದು ಹಾಕ್ತಿದ್ರು.

ಕುಸ್ವಾರ್_ಕಳ್ಳಿ:
ಡಾಕ್ಟ್ರ ಕಥೆ ಕೇಳಿ ತಲೆ ತಿರುಗಿತು ಮಾರಾಯ್ರೆ. ನಾನು ಮಂಗಳೂರಿನವಳು, ನಮ್ಮಲ್ಲಿ ಡಿಸೆಂಬರ್ ಪೂರ್ತಿ ನೆವ್ರಿ, ಕಿಡಿಯೊ, ಗುಳಿಯೊ ಅಂತ ಹಬ್ಬದ ತಿಂಡಿ ಮಾಡುವುದರಲ್ಲೇ ಸೊಂಟ ಬಿದ್ದುಹೋಗ್ತದೆ, ಕೊಲೆಗೆಲ್ಲ ಪುರುಸೊತ್ತು ಎಲ್ಲಿಂದ? ಒಂದು ಹೇಳ್ಲಿಕ್ಕುಂಟು, ಎಲ್ಲರೂ 1930ರ ಬಂಗಲೆಯನ್ನೇ ಯಾಕೆ ಹಿಡಿದುಕೊಳ್ಳುವುದು? 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ಸನ್ನೇ ಬ್ಯಾನ್ ಮಾಡಿತ್ತು. ಕ್ಯಾಂಟರ್‌ಬರಿಯಲ್ಲಿ ಮೇಯರ್ ಹಬ್ಬದ ದಿನ ಅಂಗಡಿ ತೆರೆದೇ ಇಡಬೇಕು ಅಂದ, ಜನ ರಸ್ತೆಗೆ ಫುಟ್‌ಬಾಲ್ ತಂದು ಗಲಾಟೆ ಎಬ್ಬಿಸಿದ್ರು, ಕ್ರಿಸ್‌ಮಸ್ಸಿನ ಸಿಹಿತಿಂಡಿ ಹೆಸರಲ್ಲಿ ಪ್ಲಮ್ ಪುಡ್ಡಿಂಗ್ ದಂಗೆ ಅಂತ ಅದಕ್ಕೆ ಹೆಸರೇ ಉಂಟು. ಕದ್ದು ಪುಡ್ಡಿಂಗ್ ಬೇಯಿಸುವ ಮನೆಯಲ್ಲಿ ಒಂದು ಹೆಣ ಬಿದ್ದರೆ? ಪೊಲೀಸ್ರಿಗೆ ಹೇಳುವ ಅಂದ್ರೆ ಮೊದಲು ಪುಡ್ಡಿಂಗ್ ಬಚ್ಚಿಡಬೇಕು. ಯಾರಾದ್ರೂ ಬರೀರಿ, ನಾನು ಓದ್ತೇನೆ. (ಆಗ ಪೊಲೀಸ್ರು ಇರ್ಲಿಲ್ಲ ಅಂತ ಗೊತ್ತುಂಟು, ಜಗಳಕ್ಕೆ ಬರ್ಬೇಡಿ.)

ಗಿರ್ಮಿಟ್_ಗೆಳೆಯ:
ಕೆಸರೂರು ಸಾಹೇಬ್ರ, ಒಂದು ಪ್ರಶ್ನೆ. ಅರಮನಿ ಗಡಿಯಾರ ಅರ್ಧ ತಾಸು ಮುಂದ ಇತ್ತಂದ್ರಿ. ಹಂಗಾದ್ರ ರಾಜ ಸತ್ತದ್ದು ಯಾವ ಟೈಮಿನ ಪ್ರಕಾರ?

ಕೆಸರೂರು_ಕನ್ನಡಿಗ:
ಪ್ರಕಟಣೇಲಿ ರಾತ್ರಿ 11:55 ಅಂತಿದೆ. ಹೊಸ ರಾಜ ಎಂಟನೇ ಎಡ್ವರ್ಡ್ ಅವತ್ತು ರಾತ್ರಿನೇ ಗಡಿಯಾರಗಳನ್ನೆಲ್ಲಾ ಸರಿ ಟೈಮಿಗೆ ತಿರುಗಿಸೋಕೆ ಆರ್ಡರ್ ಕೊಟ್ಟ.

ಗಿರ್ಮಿಟ್_ಗೆಳೆಯ:
ಸಾಕ್ಷಿ ನಾಶ. ಕೇಸ್ ಹಾಕ್ರಿ.

ಮಿಡ್‌ನೈಟ್_ಮಂಡಕ್ಕಿ:
ಹೇಯರ್ ಆರ್ಡರ್ ಮಾಡ್ದೆ. ಡಾಸನ್ ಕಥೆ ಮನೆಯವಳಿಗೆ ಓದಿ ಹೇಳಿದೆ, ನಗ್ಲಿಲ್ಲ, ಆದ್ರೆ ಯಾವ ಪೇಪರಲ್ಲಿ ಮೊದಲು ಬಂತು ಅಂತ ಕೇಳಿದ್ಲು.